ಊರಿನ ಗಣಕಯಂತ್ರ ಯಾರ ಅಂಕೆಯಲ್ಲಿರಬೇಕು?

ಮಲೆನಾಡಿನ ಹಳ್ಳಿಯ ಸಂಘವೊಂದಕ್ಕೆ ಹೊಸ ಗಣಕಯಂತ್ರ ಬರುವ ದಿನ ಹೆಚ್ಚುಕಡಿಮೆ ಎಲ್ಲೆಡೆಯೂ ಒಂದೇ ರೀತಿಯಲ್ಲಿ ಕಳೆಯುತ್ತದೆ. ತಾಲ್ಲೂಕು ಕೇಂದ್ರದ ಅಂಗಡಿಯಿಂದ ಜೀಪಿನಲ್ಲಿ ಪೆಟ್ಟಿಗೆಗಳು ಬಂದಿಳಿಯುತ್ತವೆ. ಜೊತೆಗೆ ಬಂದ ಹುಡುಗ ಗೋಡೆಯಲ್ಲಿರುವ ಯಾವುದೋ ಒಂದು ಪ್ಲಗ್ಗಿಗೆ ತಂತಿ ಸಿಕ್ಕಿಸಿ, ತನ್ನ ಪೆನ್‌ಡ್ರೈವಿನಿಂದ ಏನೇನನ್ನೋ ತುಂಬಿ, ಪರದೆಯ ಮೇಲೆ ಜಲಪಾತದ ಚಿತ್ರವೊಂದನ್ನು ಮೂಡಿಸುತ್ತಾನೆ. 'ಅಧ್ಯಕ್ಷರೇ, ತಲೆಬಿಸಿ ಬೇಡ, ಎಲ್ಲ ಹಾಕಿ ಕೊಟ್ಟಿದೀನಿ' ಎಂದು ಹೇಳಿ ಚಹಾ ಕುಡಿದು ಅದೇ ಜೀಪಿನಲ್ಲಿ ಮರಳುತ್ತಾನೆ. ಅರ್ಧ ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ.

ಅದರ ಫಲ ಕಾಣುವುದು ಎರಡು ಮೂರು ವರ್ಷಗಳ ಬಳಿಕ. ಮೇ ತಿಂಗಳ ಒಂದು ಸಂಜೆ ಸಿಡಿಲು ಬಡಿದು ಯಂತ್ರ ಸುಟ್ಟುಹೋಗುತ್ತದೆ. ಅದರೊಳಗೆ ಊರಿನ ಅರಣ್ಯ ಹಕ್ಕು ಅರ್ಜಿಗಳ ಪಟ್ಟಿ ಇತ್ತು. ಹಿರಿಯರನ್ನು ಮಾತನಾಡಿಸಿ ಬರೆದುಕೊಂಡ ಜೀವವೈವಿಧ್ಯ ದಾಖಲೆ ಇತ್ತು. ಗಣಿಗೋ ಅಣೆಕಟ್ಟೆಗೋ ಸಲ್ಲಿಸಿದ ಆಕ್ಷೇಪಣೆಗಳ ಪ್ರತಿಗಳಿದ್ದವು. ಬೇರೆ ಪ್ರತಿ ಎಲ್ಲಿಯೂ ಇಲ್ಲ. ಸಂಘದ ಮಿಂಚಂಚೆಯನ್ನು ತೆರೆಯೋಣವೆಂದರೆ ಅದನ್ನು ಮಾಡಿಕೊಟ್ಟ ಯುವಕ ಬೆಂಗಳೂರು ಸೇರಿದ್ದಾನೆ, ಅವನ ದೂರವಾಣಿ ಸಂಖ್ಯೆ ಬದಲಾಗಿದೆ. ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಈ ಕಥೆ ಘಟ್ಟದ ಅನೇಕ ಊರುಗಳಲ್ಲಿ ಕೇಳಿಬರುತ್ತದೆ. ಎಲ್ಲರೂ ಸಿಡಿಲನ್ನು ದೂರುತ್ತಾರೆ. ಮೊದಲ ದಿನದ ಆ ಅರ್ಧ ಗಂಟೆಯನ್ನು ಯಾರೂ ದೂರುವುದಿಲ್ಲ.

ಗಣಕಯಂತ್ರ ಬೇಕೋ ಬೇಡವೋ ಎಂಬ ಚರ್ಚೆಯ ಕಾಲ ಎಂದೋ ಮುಗಿದಿದೆ. ಪಹಣಿಯಿಂದ ಹಿಡಿದು ಬೆಳೆವಿಮೆಯವರೆಗೆ ಎಲ್ಲವೂ ಅದರ ಮೂಲಕವೇ ನಡೆಯುತ್ತಿದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ನೀಡಿದಾಗ 63,000 ಸಂಘಗಳಿಗಾಗಿ 2,516 ಕೋಟಿ ರೂಪಾಯಿಗಳ ಯೋಜನೆ ರೂಪುಗೊಂಡಿತ್ತು. ಯಂತ್ರ ಬಂದೇ ಬರುತ್ತದೆ. ಅದು ಊರಿನ ಅಂಕೆಯಲ್ಲಿರುವುದೋ, ಊರೇ ಅದರ ಅಂಕೆಗೆ ಒಳಪಡುವುದೋ ಎಂಬುದು ಈಗ ಉಳಿದಿರುವ ಪ್ರಶ್ನೆ. ಅದು ಬಹುಮಟ್ಟಿಗೆ ತೀರ್ಮಾನವಾಗುವುದು ಯಂತ್ರವನ್ನು ಹೂಡುವ ಮೊದಲ ವಾರದಲ್ಲಿ. ಆದ್ದರಿಂದಲೇ ಆ ಕೆಲಸವನ್ನು ಅಂಗಡಿಯ ಹುಡುಗನಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಕೆರೆಯ ತೂಬನ್ನು ಎಲ್ಲಿ ಇಡಬೇಕೆಂದು ಊರವರು ಕೂತು ತೀರ್ಮಾನಿಸುವಂತೆಯೇ ಇದನ್ನೂ ಕೂತು ತೀರ್ಮಾನಿಸಬೇಕು.

ಹೊಸದೇ ಬೇಕೆ?

ಮೊದಲು ಕೇಳಬೇಕಾದ ಪ್ರಶ್ನೆ ಇದು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂದಿನ ಒಂದು ಗಣಕಯಂತ್ರವನ್ನೂ ಅದರ 17 ಅಂಗುಲದ ಹಳೆಯ ಮಾದರಿಯ ಪರದೆಯನ್ನೂ ತಯಾರಿಸಲು ಸುಮಾರು 240 ಕಿಲೋ ಇಂಧನ, 22 ಕಿಲೋ ರಾಸಾಯನಿಕ ಮತ್ತು 1,500 ಕಿಲೋ ನೀರು ಖರ್ಚಾಗುತ್ತಿತ್ತು. ಇಂದಿನ ಯಂತ್ರಗಳು ಚಿಕ್ಕವು, ಪರದೆಗಳು ತೆಳು. ಆ ಅಂಕಿಗಳು ಹಾಗೆಯೇ ಇಂದಿಗೆ ಅನ್ವಯಿಸುವುದಿಲ್ಲ. ಆದರೆ ತತ್ವ ಬದಲಾಗಿಲ್ಲ. ಒಂದು ಲ್ಯಾಪ್‌ಟಾಪ್ ತನ್ನ ಇಡೀ ಆಯುಷ್ಯದಲ್ಲಿ ವಾತಾವರಣಕ್ಕೆ ಸೇರಿಸುವ ಇಂಗಾಲದ ಬಹುಪಾಲು, ಅದು ಗ್ರಾಹಕನ ಕೈಸೇರುವ ಮುನ್ನವೇ, ಕಾರ್ಖಾನೆಯ ಹಂತದಲ್ಲಿಯೇ ಸೇರಿಹೋಗಿರುತ್ತದೆ ಎಂಬುದನ್ನು ತಯಾರಕ ಸಂಸ್ಥೆಗಳ ವರದಿಗಳೇ ಒಪ್ಪಿಕೊಳ್ಳುತ್ತವೆ. ಎಂದರೆ, ಕಡಿಮೆ ವಿದ್ಯುತ್ ಬಳಸುವ ಹೊಸ ಯಂತ್ರವನ್ನು ಕೊಳ್ಳುವುದಕ್ಕಿಂತ ಇರುವ ಯಂತ್ರವನ್ನು ಇನ್ನೂ ನಾಲ್ಕು ವರ್ಷ ಬಾಳಿಸುವುದು ಪರಿಸರಕ್ಕೆ ಸಾಮಾನ್ಯವಾಗಿ ಹೆಚ್ಚು ಹಿತ.

ಕುದುರೆಮುಖದ ಗಣಿಗಾರಿಕೆ 2005ರ ಡಿಸೆಂಬರ್ 31ರಂದು ನಿಲ್ಲುವವರೆಗೆ ಭದ್ರೆಯ ನೀರು ಕೆಂಪಾಗಿ ಹರಿದದ್ದನ್ನು ಕಂಡ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಗಣಕಯಂತ್ರದ ಒಳಗಿನ ಬೆಸುಗೆಯ ತವರ ಇಂಡೋನೇಷ್ಯಾದ ಬಾಂಕಾ ದ್ವೀಪದಂಥ ಕಡೆಗಳಿಂದ ಬರುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿಯ ಕೋಬಾಲ್ಟ್ ಹೆಚ್ಚಾಗಿ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿಯೂ ಗುಡ್ಡಗಳಿವೆ, ಹೊಳೆಗಳಿವೆ, ಹೊಳೆಯ ದಂಡೆಯಲ್ಲಿ ಬದುಕುವ ಜನರಿದ್ದಾರೆ. ತಮ್ಮ ಊರಿನ ಬೆಟ್ಟವನ್ನು ಉಳಿಸಿಕೊಂಡವರು ಇನ್ನೊಬ್ಬರ ಬೆಟ್ಟದ ತುಣುಕನ್ನು ಕೊಳ್ಳುವಾಗ ಒಂದು ಕ್ಷಣ ಯೋಚಿಸುವುದು ನ್ಯಾಯ.

ಈ ಯೋಚನೆ ಈಗ ಮತ್ತಷ್ಟು ಅಗತ್ಯವಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರ ಮುಂದಿನದಾದ ವಿಂಡೋಸ್ 11, ಸುಮಾರು 2018ಕ್ಕಿಂತ ಹಿಂದಿನ ಬಹುತೇಕ ಯಂತ್ರಗಳನ್ನು ತನ್ನ ಅರ್ಹತೆಯ ಪಟ್ಟಿಗೆ ಸೇರಿಸಿಕೊಂಡೇ ಇಲ್ಲ. ಹೀಗಾಗಿ ಕೀಲಿಮಣೆ, ಪರದೆ, ಮದರ್‌ಬೋರ್ಡ್ ಎಲ್ಲವೂ ಗಟ್ಟಿಮುಟ್ಟಾಗಿರುವ ಯಂತ್ರಗಳನ್ನು 'ಹಳೆಯದಾಯಿತು, ಇನ್ನು ನಡೆಯುವುದಿಲ್ಲ' ಎಂದು ಅಂಗಡಿಯವರು ಹೇಳತೊಡಗಿದ್ದಾರೆ. ಆ ಯಂತ್ರಗಳು ಸವೆದು ಹಾಳಾದವಲ್ಲ. ದೂರದ ಒಂದು ಕಂಪನಿಯ ತೀರ್ಮಾನ ಅವುಗಳನ್ನು ಹಳೆಯದು ಮಾಡಿದೆ.

ಎಂಟು ಹತ್ತು ವರ್ಷದ ಯಂತ್ರವೊಂದಕ್ಕೆ ಹಳೆಯ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿ, ಸ್ಮರಣೆಯನ್ನು 8 ಜಿಬಿಗೆ ಏರಿಸಿ, ಒಳಗಿನ ಧೂಳನ್ನು ತೆಗೆದರೆ ಪತ್ರ ಬರೆಯಲು, ಲೆಕ್ಕ ಇಡಲು, ಅಂತರಜಾಲ ನೋಡಲು ಅದು ಧಾರಾಳವಾಗಿ ಸಾಕು. ಮದರ್‌ಬೋರ್ಡಿನ ಮೇಲೆ ಗುಂಡಿಯಂತಿರುವ 3 ವೋಲ್ಟಿನ ಚಿಕ್ಕ ಸೆಲ್ ಮುಗಿದರೆ ಯಂತ್ರದ ದಿನಾಂಕ ತಪ್ಪುತ್ತದೆ. ದಿನಾಂಕ ತಪ್ಪಿದರೆ ಸರ್ಕಾರದ ಜಾಲತಾಣಗಳೂ ಬ್ಯಾಂಕುಗಳ ಜಾಲತಾಣಗಳೂ ತೆರೆಯುವುದಿಲ್ಲ. ಇಷ್ಟಕ್ಕೇ 'ಯಂತ್ರ ಕೆಟ್ಟಿದೆ' ಎಂದು ಮೂಲೆಗೆ ಸೇರಿಸಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಸೆಲ್ಲಿಗೆ ಆಗುವುದು ಕೆಲವೇ ಹತ್ತು ರೂಪಾಯಿಗಳ ಖರ್ಚು.

ಕೆಲಸ ಮಣ್ಣಿನಿಂದ ಆರಂಭವಾಗಬೇಕು

ಯಂತ್ರ ಹಳೆಯದಾಗಲಿ ಹೊಸದಾಗಲಿ, ಮಲೆನಾಡಿನಲ್ಲಿ ಅದನ್ನು ಹೂಡುವ ಕೆಲಸ ಮೇಜಿನ ಮೇಲೆ ಆರಂಭವಾಗಬಾರದು; ಕಟ್ಟಡದ ಹೊರಗಿನ ಮಣ್ಣಿನಲ್ಲಿ ಆರಂಭವಾಗಬೇಕು. ಘಟ್ಟದ ಹಳೆಯ ಕಟ್ಟಡಗಳಲ್ಲಿ ಮೂರು ಕಣ್ಣಿನ ಪ್ಲಗ್ ಇದ್ದರೂ ಮೂರನೆಯ ಕಣ್ಣಿಗೆ ತಂತಿಯೇ ಇರುವುದಿಲ್ಲ. ಇದ್ದರೂ ಅದು ಹೋಗಿ ಸೇರುವ ಅರ್ಥಿಂಗ್ ಗುಂಡಿ ಇಪ್ಪತ್ತು ವರ್ಷಗಳಿಂದ ನೀರು ಕಂಡಿರುವುದಿಲ್ಲ. ಯಂತ್ರದ ಲೋಹದ ಪೆಟ್ಟಿಗೆಯನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಇದೇ ಕಾರಣಕ್ಕೆ. 'ಸ್ವಲ್ಪ ಶಾಕ್ ಹೊಡೆಯುತ್ತದೆ, ಚಪ್ಪಲಿ ಹಾಕಿಕೊಂಡು ಕೂರಿ' ಎಂಬ ಸಲಹೆ ಇದಕ್ಕೆ ಪರಿಹಾರವಲ್ಲ.

ಈ ನಾಡಿನ ಮಣ್ಣಿನ ಸ್ವಭಾವವನ್ನೂ ಗಮನಿಸಬೇಕು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬಿದ್ದರೂ ಬೇಸಿಗೆಯಲ್ಲಿ ಜಂಬಿಟ್ಟಿಗೆ ಮಣ್ಣು ಒಣಗಿ ಗಟ್ಟಿಯಾಗುತ್ತದೆ. ಒಣಗಿದ ಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಮಳೆ ಬರುವುದೂ ಸರಿಯಾಗಿ ಆ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ. ಅಂದರೆ ರಕ್ಷಣೆ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ ಅರ್ಥಿಂಗ್ ಅತಿ ದುರ್ಬಲವಾಗಿರುತ್ತದೆ. ಎರಡೂವರೆ ಮೀಟರಿಗೆ ಕಡಿಮೆಯಿಲ್ಲದ ಉದ್ದದ ಜಿಐ ಪೈಪನ್ನು ತೇವ ಉಳಿಯುವ ಜಾಗದಲ್ಲಿ ಹೂತು, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ, ಫೆಬ್ರುವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹೊಯ್ದರೆ ಈ ದೋಷ ಬಹುಪಾಲು ನೀಗುತ್ತದೆ. ಅನುಮತಿ ಪಡೆದ ಎಲೆಕ್ಟ್ರಿಷಿಯನ್ನನಿಂದ ಅಳತೆ ಮಾಡಿಸಿ ಆ ಅಂಕಿಯನ್ನು ಬರೆದಿಡಬೇಕು. ಸಿಡಿಲಿನಿಂದ ಕಾಪಾಡುವುದೆಂದು ಅಂಗಡಿಯಲ್ಲಿ ಮಾರುವ ಸರ್ಜ್ ಪಟ್ಟಿಗಳು ಕೂಡ ಅರ್ಥಿಂಗ್ ಸರಿಯಿಲ್ಲದಿದ್ದರೆ ತಮ್ಮ ಕೆಲಸವನ್ನು ಸರಿಯಾಗಿ ಮಾಡಲಾರವು. ಹತ್ತಿರದಲ್ಲಿಯೇ ಸಿಡಿಲೆರಗಿದಾಗ ಯಾವ ಉಪಕರಣವೂ ಸಾಲದು. ಮೋಡ ಕಟ್ಟಿ ಗುಡುಗು ಕೇಳುವ ಮೊದಲೇ ವಿದ್ಯುತ್ ಪ್ಲಗ್ಗನ್ನೂ, ದೂರವಾಣಿಯ ತಾಮ್ರದ ತಂತಿ ಇದ್ದರೆ ಅದನ್ನೂ ಕಿತ್ತಿಡುವುದೊಂದೇ ದಾರಿ. ಸಂಜೆ ಕಚೇರಿಗೆ ಬೀಗ ಹಾಕುವವರ ಕೆಲಸಗಳ ಪಟ್ಟಿಯಲ್ಲಿ ಇದೂ ಒಂದಾಗಬೇಕು.

ಯುಪಿಎಸ್ ಬಗ್ಗೆಯೂ ಒಂದು ಭ್ರಮೆ ಇದೆ. ಸಾಮಾನ್ಯವಾಗಿ ಸಿಗುವ ಚಿಕ್ಕ ಯುಪಿಎಸ್‌ನೊಳಗಿರುವುದು 12 ವೋಲ್ಟ್, 7 ಆಂಪಿಯರ್-ಗಂಟೆಯ ಒಂದು ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಗಂಟೆ. ಬಳಕೆಗೆ ಸಿಗುವುದು ಅದಕ್ಕಿಂತಲೂ ಕಡಿಮೆ. ನೂರು ವ್ಯಾಟಿನ ಮೇಜಿನ ಯಂತ್ರವನ್ನು ಅದು ಕಾಲು ಗಂಟೆಯ ಆಸುಪಾಸು ನಡೆಸಬಹುದು, ಅಷ್ಟೆ. ಕರೆಂಟು ಹೋದ ಕೂಡಲೇ ಕೆಲಸವನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಇರುವ ಅವಕಾಶ ಅದು. ಅರ್ಜಿ ಮುಗಿಸಲು ಇರುವ ಅವಕಾಶವಲ್ಲ. ಲೇಸರ್ ಮುದ್ರಣಯಂತ್ರವನ್ನು ಅದಕ್ಕೆ ಎಂದೂ ಜೋಡಿಸಬಾರದು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಇರದ ಊರುಗಳಿಗೆ 30ರಿಂದ 50 ವ್ಯಾಟಿನಲ್ಲಿ ಕೆಲಸ ಮಾಡುವ ಲ್ಯಾಪ್‌ಟಾಪೇ ಹೆಚ್ಚು ಸೂಕ್ತ. ಮನೆಯ ಇನ್ವರ್ಟರ್ ಅಥವಾ ಚಿಕ್ಕ ಸೌರಘಟಕ ಅದನ್ನು ಸಲೀಸಾಗಿ ಹೊರುತ್ತದೆ.

ಇನ್ನು ಥಂಡಿ. ಆಷಾಢದಲ್ಲಿ ಪುಸ್ತಕದ ರಟ್ಟಿಗೆ ಬೂಸ್ಟು ಹಿಡಿಯುವ ನಾಡಿನಲ್ಲಿ ಯಂತ್ರಕ್ಕೆ ಹಿಡಿಯದಿರುವುದೇ? ಅದನ್ನು ನೆಲದ ಮೇಲೆ ಇಡಬಾರದು, ಗೋಡೆಗೆ ತಾಗಿಸಬಾರದು, ಪ್ಲಾಸ್ಟಿಕ್ ಹೊದಿಕೆ ಬಿಗಿದು ತಿಂಗಳುಗಟ್ಟಲೆ ಮುಚ್ಚಿಡಬಾರದು. ಮಳೆಗಾಲದಲ್ಲಿ ಕೆಲಸವಿರಲಿ ಇಲ್ಲದಿರಲಿ, ಗುಡುಗಿಲ್ಲದ ಹೊತ್ತು ನೋಡಿ ದಿನಕ್ಕೆ ಅರ್ಧ ಗಂಟೆ ನಡೆಸಿದರೆ ಯಂತ್ರದ ಬಿಸಿಯೇ ಒಳಗಿನ ತೇವವನ್ನು ಓಡಿಸುತ್ತದೆ. ಪೆಟ್ಟಿಗೆಯ ಹಿಂದೆ ಬಳಸದೆ ಉಳಿದ ಕಿಂಡಿಗಳನ್ನು ಮುಚ್ಚಿದರೆ ಇರುವೆ, ಹಲ್ಲಿಗಳ ಕಾಟವೂ ಕಡಿಮೆಯಾಗುತ್ತದೆ.

ಬೀಜದ ಮಾತು, ತಂತ್ರಾಂಶದ ಮಾತು

ನೆಲೆ ಭದ್ರವಾದ ಮೇಲೆ ತಂತ್ರಾಂಶದ ಸರದಿ. ಅಂಗಡಿಯ ಹುಡುಗ ಪೆನ್‌ಡ್ರೈವಿನಿಂದ ತುಂಬಿದ್ದು ಬಹಳಷ್ಟು ಸಲ ಕದ್ದ ತಂತ್ರಾಂಶವಾಗಿರುತ್ತದೆ. ಬೀಗ ಒಡೆದು ಒಳತಂದ ಅಂಥ ಪ್ರತಿಗಳಲ್ಲಿ ಕಂಪನಿಯ ರಕ್ಷಣಾ ಪರಿಷ್ಕರಣೆಗಳನ್ನು ತಡೆದಿಟ್ಟಿರುವುದುಂಟು, ಬೀಗ ಒಡೆಯುವ ಸಾಧನದೊಂದಿಗೇ ವೈರಸ್ ನುಸುಳುವುದುಂಟು. ಸದಸ್ಯರ ಆಧಾರ್ ಪ್ರತಿ, ಬ್ಯಾಂಕ್ ಖಾತೆಯ ವಿವರಗಳನ್ನು ಅಂಥ ಯಂತ್ರದಲ್ಲಿ ಇಡುವುದು, ಊರಿನ ಉಗ್ರಾಣಕ್ಕೆ ಕದವಿಲ್ಲದ ಬಾಗಿಲು ಇಟ್ಟಂತೆ.

ಇದಕ್ಕೆ ದುಬಾರಿ ಪರವಾನಗಿಯೊಂದೇ ಪರ್ಯಾಯವಲ್ಲ. ಬೀಜದ ವಿಚಾರದಲ್ಲಿ ರೈತ ಚಳವಳಿ ಹೇಳುತ್ತ ಬಂದಿರುವುದೇನು? ಬೀಜವನ್ನು ಬಿತ್ತುವ, ಉಳಿಸಿಕೊಳ್ಳುವ, ನೆರೆಯವರಿಗೆ ಕೊಡುವ, ತನ್ನ ಮಣ್ಣಿಗೆ ತಕ್ಕಂತೆ ಆಯ್ದು ಬೆಳೆಸುವ ಹಕ್ಕು ರೈತನದಾಗಿರಬೇಕು ಎಂದು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ ಚಳವಳಿ ಹೇಳುವುದೂ ಅಷ್ಟೇ: ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ಅಭ್ಯಸಿಸುವ, ಇತರರೊಡನೆ ಹಂಚಿಕೊಳ್ಳುವ, ಬೇಕಾದಂತೆ ತಿದ್ದುವ ಸ್ವಾತಂತ್ರ್ಯ ಬಳಸುವವನದು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದ ಲಿನಕ್ಸ್ ತಿರುಳನ್ನು ಆಧರಿಸಿದ ಡೆಬಿಯನ್, ಲಿನಕ್ಸ್ ಮಿಂಟ್ ಮೊದಲಾದ ವ್ಯವಸ್ಥೆಗಳು ಇಂದು ಉಚಿತವಾಗಿ ದೊರೆಯುತ್ತವೆ. ವಿಂಡೋಸ್ 11 ಒಲ್ಲೆನೆಂದ ಯಂತ್ರಗಳ ಮೇಲೂ ಅವು ಹಗುರವಾಗಿ ನಡೆಯುತ್ತವೆ, ಪರಿಷ್ಕರಣೆಗಳೂ ಬರುತ್ತಿರುತ್ತವೆ. ಲಿಬ್ರೆಆಫೀಸ್ ಪತ್ರ, ಲೆಕ್ಕಪಟ್ಟಿಗಳ ಕೆಲಸಕ್ಕೆ ಸಾಕು. ಫೈರ್‌ಫಾಕ್ಸ್ ಕನ್ನಡದಲ್ಲಿಯೇ ದೊರೆಯುತ್ತದೆ.

ನೆರೆಯ ಕೇರಳದ ಅನುಭವ ಇಲ್ಲಿ ಉಲ್ಲೇಖನೀಯ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ ಆ ದಶಕದಲ್ಲಿಯೇ ಸಂಪೂರ್ಣವಾಗಿ ಮುಕ್ತ ತಂತ್ರಾಂಶಕ್ಕೆ ಹೊರಳಿತು. ಸಾವಿರಾರು ಶಾಲೆಗಳ ಶಿಕ್ಷಕರು ತಾವೇ ಅದನ್ನು ಹೂಡಲು, ದುರಸ್ತಿ ಮಾಡಲು ಕಲಿತರು. ಅಲ್ಲಿ ಪರವಾನಗಿಯ ಹಣ ಉಳಿದದ್ದಕ್ಕಿಂತ, ಯಂತ್ರದ ಭಯ ಹೋಗಿ ಕೈ ಪಳಗಿದ್ದು ದೊಡ್ಡ ಲಾಭ.

ಆಕ್ಷೇಪಗಳಿಲ್ಲವೆಂದಲ್ಲ. ಕೆಲವು ಲೆಕ್ಕಪತ್ರದ ತಂತ್ರಾಂಶಗಳು ವಿಂಡೋಸ್ ಮೇಲೆ ಮಾತ್ರ ನಡೆಯುತ್ತವೆ; ಡಿಜಿಟಲ್ ಸಹಿಯ ಟೋಕನ್‌ಗಳು ಕೆಲವೊಮ್ಮೆ ತಕರಾರು ತೆಗೆಯುತ್ತವೆ; ಸರ್ಕಾರದ ಯೋಜನೆಯಡಿ ಬಂದ ಯಂತ್ರವನ್ನು ಮನಬಂದಂತೆ ಬದಲಿಸಲಾಗದು. ಈ ಮಾತುಗಳಲ್ಲಿ ಹುರುಳಿದೆ. ಅಂಥ ಕೆಲಸಕ್ಕೆ ಅಧಿಕೃತ ಪರವಾನಗಿಯ ಒಂದು ಯಂತ್ರವನ್ನು ಇಟ್ಟುಕೊಂಡು ಉಳಿದ ಕೆಲಸಗಳನ್ನು ಮುಕ್ತ ತಂತ್ರಾಂಶಕ್ಕೆ ವರ್ಗಾಯಿಸಬಹುದು. ಲಿನಕ್ಸ್ ಮಿಂಟನ್ನು 8 ಜಿಬಿಯ ಪೆನ್‌ಡ್ರೈವಿನಿಂದಲೇ ನಡೆಸಿ, ಯಂತ್ರದ ಡಿಸ್ಕನ್ನು ಮುಟ್ಟದೆಯೇ, ಮುದ್ರಣಯಂತ್ರ, ಸ್ಕ್ಯಾನರ್, ವೈ-ಫೈ ಎಲ್ಲ ಹೊಂದುತ್ತವೆಯೇ ಎಂದು ಮೊದಲು ಪರೀಕ್ಷಿಸುವ ಅನುಕೂಲವಿದೆ. ಹೊಂದದಿದ್ದರೆ ಬಿಡಬಹುದು. ಪರೀಕ್ಷಿಸುವ ಮುನ್ನವೇ ಯಂತ್ರವನ್ನು ಗುಜರಿಗೆ ಹಾಕುವುದು ಮಾತ್ರ ಅವಿವೇಕ.

ಅಕ್ಷರ ಉಳಿಯಬೇಕಾದರೆ

ಹೊಸ ಯಂತ್ರದಲ್ಲಿ ಕನ್ನಡವನ್ನು ಹೇಗೆ ಅಳವಡಿಸಲಾಗುತ್ತದೆ ಎಂಬುದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಹಿಂದೆ ಕನ್ನಡದ ಬರವಣಿಗೆ ನಡೆದದ್ದು ಇಂಗ್ಲಿಷಿನ ಸಂಕೇತಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸಿದ ಅಕ್ಷರಶೈಲಿಗಳಲ್ಲಿ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಆ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಹುಡುಕಲೂ ಆಗದು, ಮಿಂಚಂಚೆಯಲ್ಲಿ ಕಳಿಸಿದರೆ ಓದಲೂ ಆಗದು. ಹಳ್ಳಿಗಳಲ್ಲಿ ಶ್ರಮವಹಿಸಿ ಬೆರಳಚ್ಚು ಮಾಡಿದ ಎಷ್ಟೋ ಸಸ್ಯಪಟ್ಟಿಗಳು, ಸಭಾ ನಡಾವಳಿಗಳು ಇಂದು ಈ ಸ್ಥಿತಿಯಲ್ಲಿವೆ.

ಯೂನಿಕೋಡ್ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಯೂನಿಕೋಡಿನಲ್ಲಿ ಬರೆದ ಕನ್ನಡ ಯಾವ ಆಧುನಿಕ ಯಂತ್ರದಲ್ಲಿಯೂ, ಮೊಬೈಲಿನಲ್ಲಿಯೂ ಕನ್ನಡವಾಗಿಯೇ ಉಳಿಯುತ್ತದೆ. ಆದ್ದರಿಂದ ಮೊದಲ ದಿನವೇ ಯಂತ್ರವನ್ನು ಯೂನಿಕೋಡ್ ಕನ್ನಡಕ್ಕೆ ಸಜ್ಜುಗೊಳಿಸಬೇಕು. 'ನುಡಿ' ಕೀಲಿಮಣೆಗೆ ಕೈ ಹೊಂದಿದವರಿಗೆ ಲಿನಕ್ಸ್‌ನಲ್ಲಿ ಕಗಪ ವಿನ್ಯಾಸ ಸಿದ್ಧವಾಗಿಯೇ ಇರುತ್ತದೆ. ವಿಂಡೋಸ್‌ನಲ್ಲಿಯೂ ಕನ್ನಡ ಕೀಲಿಮಣೆಗಳನ್ನು ಸೇರಿಸಿಕೊಳ್ಳಬಹುದು. ಹಳೆಯ ಕಡತಗಳನ್ನು ಪರಿವರ್ತಕಗಳ ಮೂಲಕ ಯೂನಿಕೋಡಿಗೆ ತಂದು, ಒತ್ತಕ್ಷರಗಳು ತಪ್ಪಿದ ಕಡೆ ತಿದ್ದಿಟ್ಟುಕೊಳ್ಳುವುದು ಕಾಲೇಜು ವಿದ್ಯಾರ್ಥಿಗಳು ರಜೆಯಲ್ಲಿ ಮಾಡಬಹುದಾದ ಒಳ್ಳೆಯ ಕೆಲಸ.

ಮೂಡಿಗೆರೆಯ ಕಾಫಿ ತೋಟದಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಬದುಕಿನ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗೆಗೆ ಅಷ್ಟು ಗಟ್ಟಿಯಾಗಿ ದನಿಯೆತ್ತಿದ್ದು ಸುಮ್ಮನೆ ಅಲ್ಲ. ಭಾಷೆ ಯಂತ್ರದೊಳಗೆ ಹೋಗದಿದ್ದರೆ ಜನ ಆಡಳಿತದಿಂದ ಹೊರಗೆ ಉಳಿಯುತ್ತಾರೆ. ಕೇಂದ್ರ ಸರ್ಕಾರದ 2020ರ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬಂದಾಗ, ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಪ್ರಕಟಿಸುವಂತೆ ದೆಹಲಿ ಉಚ್ಚ ನ್ಯಾಯಾಲಯ ಆ ವರ್ಷದ ಜೂನ್ 30ರಂದು ಹೇಳಬೇಕಾಗಿ ಬಂತು. ಜನರ ಭಾಷೆಯಲ್ಲಿ ಓದುವ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವ ಚಳವಳಿ, ತನ್ನ ಆಕ್ಷೇಪಣೆಯನ್ನು ಯಾರೂ ತೆರೆಯಲಾಗದ ಅಕ್ಷರಶೈಲಿಯಲ್ಲಿ ಕಳಿಸುವುದು ಎಂಥ ವಿಪರ್ಯಾಸ!

ಕೀಲಿಕೈ ಮತ್ತು ಪ್ರತಿ

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೆಯ ಕರಡು ಅಧಿಸೂಚನೆ 2024ರ ಜುಲೈ 31ರಂದು ಹೊರಬಂದಾಗ ಆಕ್ಷೇಪಣೆಗೆ ಇದ್ದ ಅವಧಿ 60 ದಿನ. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಪ್ರದೇಶಕ್ಕೆ ಸಂಬಂಧಿಸಿದ ವಿಷಯ ಅದು. ಪರವಾಗಿರಲಿ, ವಿರೋಧವಾಗಿರಲಿ, ಊರು ತನ್ನ ಮಾತನ್ನು ಹೇಳಬೇಕಾದರೆ ಅದಕ್ಕೆ ಆಧಾರಗಳು ಕೈಗೆ ಸಿಗಬೇಕು. 58ನೆಯ ದಿನ ಯಂತ್ರ ಕೈಕೊಟ್ಟರೆ ಗಡುವು ಕಾಯುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಅಂಥ ಹಳೆಯ ಕಾಗದವೊಂದರ ಸ್ಕ್ಯಾನ್ ಪ್ರತಿ ಕಳೆದುಹೋದರೆ, ಮೂಲ ಕಾಗದವನ್ನು ಈಗಾಗಲೇ ಗೆದ್ದಲು ತಿಂದಿದ್ದರೆ, ಒಂದು ಕುಟುಂಬದ ನೆಲೆಯೇ ಅಲುಗುತ್ತದೆ.

ಇದಕ್ಕೆ ತಿಳಿದವರು ಹೇಳುವ ನಿಯಮ ಸರಳ: ಮುಖ್ಯ ಕಡತಗಳ ಮೂರು ಪ್ರತಿ ಇರಬೇಕು, ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಬೇರೆ ಜಾಗದಲ್ಲಿರಬೇಕು. ಯಂತ್ರದಲ್ಲಿ ಒಂದು, ಕಚೇರಿಯ ಕಪಾಟಿನ ಹಾರ್ಡ್‌ಡಿಸ್ಕಿನಲ್ಲಿ ಒಂದು, ಪಕ್ಕದ ಊರಿನ ನಂಬಿಗಸ್ಥರ ಮನೆಯಲ್ಲಿ ಇನ್ನೊಂದು. ಹಾರ್ಡ್‌ಡಿಸ್ಕನ್ನು ಸದಾ ಯಂತ್ರಕ್ಕೆ ಸಿಕ್ಕಿಸಿಯೇ ಇಟ್ಟರೆ ಸಿಡಿಲು ಎರಡನ್ನೂ ಒಟ್ಟಿಗೇ ಒಯ್ಯುತ್ತದೆ. ಪ್ರತಿ ತೆಗೆದ ಕೂಡಲೇ ಬಿಚ್ಚಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ಅಮಾವಾಸ್ಯೆಗೋ ಸಂತೆಯ ದಿನಕ್ಕೋ ಹೊಂದಿಸಿಕೊಂಡರೆ ಪ್ರತಿ ತೆಗೆಯುವುದು ಮರೆತುಹೋಗುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಆ ಪ್ರತಿ ತೆರೆಯುತ್ತದೆಯೇ ಎಂದು ನೋಡಬೇಕು. ಅರ್ಜಿ, ನಡಾವಳಿ, ಜೀವವೈವಿಧ್ಯ ದಾಖಲೆಗಳ ಮುದ್ರಿತ ಪ್ರತಿಯೂ ಇರಬೇಕು. ಗಣಕಯಂತ್ರ ಬಂದಿತೆಂದು ಕಾಗದವನ್ನು ಕೈಬಿಡುವ ಕಾಲ ಮಲೆನಾಡಿಗೆ ಇನ್ನೂ ಬಂದಿಲ್ಲ.

ಕೀಲಿಕೈಯ ಪ್ರಶ್ನೆ ಇನ್ನೂ ಸೂಕ್ಷ್ಮ. ಸಂಘದ ಮಿಂಚಂಚೆಯನ್ನು ಯಾರೋ ಒಬ್ಬರ ಸ್ವಂತ ಮೊಬೈಲ್ ಸಂಖ್ಯೆಗೆ ಜೋಡಿಸಿದರೆ ಒಟಿಪಿ ಬರುವುದು ಅವರಿಗೆ ಮಾತ್ರ. ಮಲೆನಾಡಿನ ಹುಡುಗರು ಊರಲ್ಲಿ ಉಳಿಯುವುದು ಎಷ್ಟು ವರ್ಷ? ಸಂಘದ ಹೆಸರಿನ ಸಂಖ್ಯೆಯೊಂದನ್ನು ಪಡೆದು, ಅದಕ್ಕೇ ಎಲ್ಲ ಖಾತೆಗಳನ್ನು ಜೋಡಿಸಬೇಕು. ಯಂತ್ರದ ಮುಖ್ಯ ಗುಪ್ತಪದವನ್ನು ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ಸಂಘದ ತಿಜೋರಿಯಲ್ಲಿಡಬೇಕು. ಯಂತ್ರದ ಬದಿಯಲ್ಲಿ ಒಂದು ನೂರು ಪುಟದ ನೋಟುಪುಸ್ತಕ ಇರಲಿ: ಯಂತ್ರ ಬಂದ ದಿನ, ಬಿಲ್ಲಿನ ಸಂಖ್ಯೆ, ಅರ್ಥಿಂಗ್ ಅಳತೆ, ಹಾಕಿದ ತಂತ್ರಾಂಶ, ಬ್ಯಾಟರಿ ಬದಲಿಸಿದ ದಿನ, ಪ್ರತಿ ತೆಗೆದ ದಿನ. ಹೂಡುವ ಕೆಲಸಕ್ಕೆ ಕನಿಷ್ಠ ಮೂವರು ಕೈಹಾಕಿರಬೇಕು, ಅವರಲ್ಲಿ ಊರಿನಲ್ಲಿಯೇ ನೆಲೆಸಿದ ಮಹಿಳೆಯೊಬ್ಬರು ಇರಬೇಕು. ಸ್ವಸಹಾಯ ಗುಂಪುಗಳ ಲೆಕ್ಕವನ್ನು ವರ್ಷಗಟ್ಟಲೆ ಒಂದು ರೂಪಾಯಿ ತಪ್ಪದಂತೆ ಇಟ್ಟವರಿಗೆ ಇದು ಕಷ್ಟದ ವಿದ್ಯೆಯಲ್ಲ.

ಹಳೆಯದು ಎಲ್ಲಿಗೆ ಹೋಗುತ್ತದೆ?

ಹೊಸದು ಬಂದ ದಿನ ಹಳೆಯದರ ಗತಿಯನ್ನೂ ತೀರ್ಮಾನಿಸಬೇಕು. 2022ರ ಒಂದೇ ವರ್ಷದಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಸೃಷ್ಟಿಸಿತೆಂದೂ, ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಕ್ಕೆ ದಾಖಲೆ ಇರುವುದು ಶೇಕಡ 22.3ಕ್ಕೆ ಮಾತ್ರವೆಂದೂ ವಿಶ್ವಸಂಸ್ಥೆಯ 2024ರ ವರದಿ ತಿಳಿಸಿದೆ. ಉಳಿದದ್ದರಲ್ಲಿ ಬಹಳಷ್ಟು ಗುಜರಿಗಳಲ್ಲಿ ತಾಮ್ರಕ್ಕಾಗಿ ಸುಡಲ್ಪಡುತ್ತದೆ. ಯುಪಿಎಸ್ ಬ್ಯಾಟರಿಯ ಸೀಸ ಮತ್ತು ಆಮ್ಲ ಹಳ್ಳದ ದಂಡೆಯಲ್ಲಿ ಚೆಲ್ಲಿದರೆ ಆ ನೀರನ್ನು ಕುಡಿಯುವುದು ಕೆಳಗಿನ ಊರು.

ಕಾನೂನು ಇಲ್ಲವೆಂದಲ್ಲ. ವಿದ್ಯುನ್ಮಾನ ತ್ಯಾಜ್ಯದ ನಿಯಮಗಳು ಮೊದಲು 2011ರಲ್ಲಿ ರೂಪುಗೊಂಡು, 2016ರಲ್ಲಿ ಬದಲಾಗಿ, 2022ರಲ್ಲಿ ಹೊಸದಾಗಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಬ್ಯಾಟರಿ ತ್ಯಾಜ್ಯಕ್ಕೂ 2022ರಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ತಯಾರಿಸಿದವನೇ ಕೊನೆಯವರೆಗೆ ಹೊಣೆ ಎಂಬುದು ಇವುಗಳ ತಿರುಳು. ದೇಶದಲ್ಲಿ ಸರ್ಕಾರದ ಮಾನ್ಯತೆ ಪಡೆದ ಮೊದಲ ವಿದ್ಯುನ್ಮಾನ ತ್ಯಾಜ್ಯ ಘಟಕ, ಇ-ಪರಿಸರ, 2005ರಲ್ಲಿ ಆರಂಭವಾದದ್ದು ಕರ್ನಾಟಕದ ದಾಬಸ್‌ಪೇಟೆಯಲ್ಲಿಯೇ. ಆದರೆ ಘಟ್ಟದ ಹಳ್ಳಿಯಿಂದ ಅಂಥ ಘಟಕಕ್ಕೆ ಒಂದು ಯಂತ್ರವನ್ನು ಸಾಗಿಸುವವರು ಯಾರು? ಒಂದೊಂದೇ ಮನೆಯಿಂದ ಆಗದ ಕೆಲಸ ಒಕ್ಕೂಟದಿಂದ ಆಗುತ್ತದೆ. ಹತ್ತಾರು ಊರುಗಳ ಶಾಲೆ, ಸಂಘ, ಪಂಚಾಯಿತಿಗಳ ಹಳೆಯ ಯಂತ್ರಗಳನ್ನು ವರ್ಷಕ್ಕೊಮ್ಮೆ ಒಂದೆಡೆ ಸೇರಿಸಿ, ನಡೆಯುವಂಥವನ್ನು ಸರಿಪಡಿಸಿ ಬೇಕಾದವರಿಗೆ ಕೊಟ್ಟು, ಉಳಿದದ್ದನ್ನು ಮಾನ್ಯತೆ ಪಡೆದವರಿಗೆ ಒಪ್ಪಿಸಿ ರಸೀದಿ ಪಡೆಯಬಹುದು. ಕೊಡುವ ಮುನ್ನ ಡಿಸ್ಕಿನಲ್ಲಿರುವ ಸದಸ್ಯರ ವಿವರಗಳನ್ನು ಪೂರ್ತಿಯಾಗಿ ಅಳಿಸಬೇಕು. ಕಸದಬುಟ್ಟಿಯ ಚಿತ್ರಕ್ಕೆ ಎಳೆದು ಹಾಕಿದ ಮಾತ್ರಕ್ಕೆ ಕಡತ ಅಳಿಯುವುದಿಲ್ಲ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ಕೊಟ್ಟು ಬೆಲೆಯಲ್ಲಿ ಕಳೆಸಿಕೊಳ್ಳುವ ರೂಢಿಯನ್ನು ಬಿಡಬಾರದು.

ಇಷ್ಟೆಲ್ಲ ಗೋಜು ಬೇಕೆ, ಸಮಯವೆಲ್ಲಿದೆ ಎಂದು ಕೇಳುವವರುಂಟು. ಲೆಕ್ಕ ಹಾಕಿದರೆ ಅರ್ಥಿಂಗ್ ಗುಂಡಿಗೆ ಒಂದು ದಿನ, ತಂತ್ರಾಂಶ ಮತ್ತು ಕನ್ನಡಕ್ಕೆ ಒಂದು ದಿನ, ಹಳೆಯ ಕಡತಗಳನ್ನು ಒಟ್ಟುಗೂಡಿಸಿ ಪ್ರತಿ ತೆಗೆಯಲು ಇನ್ನೆರಡು ದಿನ. ಸುಟ್ಟುಹೋದ ಅರ್ಜಿಗಳ ಪಟ್ಟಿಯನ್ನು ಮನೆಮನೆಗೆ ಅಲೆದು ಮತ್ತೆ ಬರೆಯಲು ತಗಲುವ ತಿಂಗಳುಗಳಿಗೆ ಹೋಲಿಸಿದರೆ ಇದು ದೊಡ್ಡ ವೆಚ್ಚವಲ್ಲ. ಹಿರಿಯರು ಹೇಳಿದ ಸಸ್ಯದ ಹೆಸರುಗಳನ್ನಂತೂ, ಅವರು ಹೋದ ಮೇಲೆ ಯಾವ ಮನೆಗೆ ಅಲೆದರೂ ಮತ್ತೆ ಬರೆದುಕೊಳ್ಳಲಾಗದು.

ಮುಂದಿನ ಗುಡುಗಿನ ಕಾಲಕ್ಕೆ ಮುನ್ನ ಪ್ರತಿಯೊಂದು ಸಂಘವೂ, ಶಾಲೆಯೂ, ಅರಣ್ಯ ಹಕ್ಕು ಸಮಿತಿಯೂ ತನ್ನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಲಿ. ಆ ಸಭೆಗೆ ಊರಿನ ಎಲೆಕ್ಟ್ರಿಷಿಯನ್ನನನ್ನೂ, ರಜೆಗೆ ಬಂದಿರುವ ವಿದ್ಯಾರ್ಥಿಗಳನ್ನೂ ಕರೆಯಲಿ. ಪರದೆಯನ್ನು ಬೆಳಗಿಸುವ ಮೊದಲು ಪ್ಲಗ್ಗಿನ ಮೂರನೆಯ ಕಣ್ಣನ್ನು ನೋಡಲಿ.